ಫೈರ್ ಕೋಟು ತೊಳೆಯುವ ಕ್ರಮದಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ ಬಳ್ಳಾರಿಯಿಂದ ಶರಣು.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಬೆಂಕಿ ನಂದಿಸುವ ಸಿಬ್ಬಂದಿಯ ಕೋಟು, ಪ್ಯಾಂಟು, ಗ್ಲೌಸು, ತಲೆಗವಸುಗಳನ್ನು ಬೇರೆ ಯಾವ ಬಟ್ಟೆಯ ಜೊತೆಗೂ ತೊಳೆಯುವುದಿಲ್ಲ. ಅದಕ್ಕೆಂದೇ ಒಂದು ಮಷಿನ್ ಮೀಸಲಿಟ್ಟಿದ್ದೇವೆ. ಇವತ್ತು ಕೊಟ್ಟು ನಾಳೆ ಒಯ್ಯಲು ಇನ್ನು ಆಗದು, ನಾಲ್ಕು ದಿನ ಬೇಕು. ದರವೂ ಏರಿದೆ, ಪಟ್ಟಿ ಇದರ ಜೊತೆಗಿದೆ.

ತೋರಣಗಲ್ಲು, ಗಿಣಿಗೇರಿಯ ಕಾರ್ಖಾನೆಗಳಲ್ಲಿ ದುಡಿಯುವ ನಿಮಗೆ ಬೆಂಕಿಯ ಬಗ್ಗೆ ನಾವು ಹೇಳಬೇಕಾದ್ದಿಲ್ಲ. ಹೇಳಬೇಕಾದ್ದು ಮಸಿಯ ಬಗ್ಗೆ. ರಬ್ಬರ್ ಬೆಲ್ಟು, ಕೇಬಲ್ಲು, ಫೋಮು ಸುಟ್ಟಾಗ ಹುಟ್ಟುವ ವಿಷಗಳು ಮಸಿಯೊಂದಿಗೆ ಬಟ್ಟೆಯ ಎಳೆಗಳಲ್ಲಿ ಕೂರುತ್ತವೆ. ಕ್ಯಾನ್ಸರ್ ತರುವಂಥವೂ ಅದರಲ್ಲಿವೆ. ಬೆವರಿದ ಕುತ್ತಿಗೆಯ ಚರ್ಮದಿಂದ ಒಳಗಿಳಿಯುತ್ತವೆ. ಬೆಂಕಿ ಆರಿದ ಮೇಲೂ ಕೋಟಿನಿಂದ ಆವಿಯಾಗಿ ಗಾಡಿಯ ಕ್ಯಾಬಿನ್ನಿಗೆ ಹರಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಪುರಾವೆ ಗಟ್ಟಿಯಾಗಿದೆಯೆಂದು ಅಗ್ನಿಶಾಮಕ ವೃತ್ತಿಯನ್ನು ಆಸ್ಬೆಸ್ಟಾಸ್ ಇರುವ ಮೊದಲ ಗುಂಪಿಗೇ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆಂದು ಖಚಿತವಾದವುಗಳ ಗುಂಪಿಗೇ, ಸೇರಿಸಿತು. ಮಸಿ ಹಿಡಿದ ಕೋಟನ್ನು ದುಡಿಮೆಯ ಗುರುತೆಂದು ಹಾಗೇ ತೊಡುವವರಿದ್ದಾರೆ. ಆ ದುಡಿಮೆಯ ಮೇಲೆ ನಮಗೆ ಅಪಾರ ಗೌರವ. ಅದಕ್ಕೇ ಕೇಳಿಕೊಳ್ಳುತ್ತೇವೆ, ಕೋಟು ತೊಳೆಸಿ.

ಜೀನ್ಸ್ ತೊಳೆದು ಪಳಗಿದ ಊರು ನಮ್ಮದು. ಆದರೆ ಜೀನ್ಸಿಗೆ ಹಾಕುವ ಕ್ಲೋರಿನ್ ಬ್ಲೀಚು ಈ ಕೋಟುಗಳ ಬೆಂಕಿ ತಡೆಯುವ ಅರಾಮಿಡ್ ನೂಲನ್ನು ಹಾಳುಮಾಡುತ್ತದೆ. ಈ ಕೋಟುಗಳಿಗೆ ನೀರಿನ ಬಿಸಿ 40 ಡಿಗ್ರಿ ದಾಟಬಾರದು, ಸಾಫ್ಟ್‌ನರ್ ಮುಟ್ಟಿಸಬಾರದು. ಹೊರಪದರವನ್ನೂ ಒಳ ಅಸ್ತರನ್ನೂ ಬಿಚ್ಚಿ ಬೇರೆ ಬೇರೆ ಹಾಕಬೇಕು, ಇಲ್ಲವಾದರೆ ಹೊರಗಿನ ಹೊಲಸು ಮೈಗೆ ತಾಗುವ ಅಸ್ತರಿಗೆ ಹತ್ತುತ್ತದೆ. ಬಳ್ಳಾರಿಯ ಬಿಸಿಲಿಗೆ ಹರವಿದರೆ ಬೇಗ ಒಣಗೀತು ನಿಜ, ಆದರೆ ಬಿಸಿಲಿನ ನೇರಳಾತೀತ ಕಿರಣ ಅರಾಮಿಡ್ ಜಾತಿಯದೇ ನೂಲಾದ ಕೆವ್ಲಾರಿನ ಬಲ ಕುಂದಿಸುತ್ತದೆ. ಹಾಗಾಗಿ ನೆರಳಲ್ಲೇ, ಫ್ಯಾನ್ ಗಾಳಿಗೆ ಒಣಗಿಸುತ್ತೇವೆ. ದಿನ ಹಿಡಿಯುವುದು ಇದಕ್ಕೆ. ಒಬ್ಬರಿಗೆ ಒಂದೇ ಜೊತೆ ಇರುವ ತಂಡಗಳು ತಿಳಿಸಿದರೆ ಸರದಿಯ ಮೇಲೆ ಪಡೆಯುತ್ತೇವೆ. ಯಾರೂ ಕೋಟಿಲ್ಲದೆ ಡ್ಯೂಟಿಗೆ ಹೋಗುವುದು ಬೇಡ.

ನಿಮ್ಮಿಂದ ಆಗಬೇಕಾದ ದೊಡ್ಡ ಕೆಲಸ ಬೆಂಕಿಯ ಜಾಗದಲ್ಲೇ ಇದೆ. ಕೋಟು ಬಿಚ್ಚುವ ಮೊದಲು ಸೋಪುನೀರು ಹಾಕಿ ಬ್ರಷ್ಷಿನಿಂದ ಉಜ್ಜಿ, ನೀರು ಹಾಯಿಸಿ. ಅಮೆರಿಕದಲ್ಲಿ ಅಳೆದಾಗ ಇಷ್ಟರಿಂದಲೇ ಮೇಲ್ಮೈಯ ಪಿಎಎಚ್ (ವಸ್ತುಗಳು ಸುಟ್ಟಾಗ ಹುಟ್ಟಿ ಮಸಿಯಲ್ಲಿ ಸೇರುವ ರಾಸಾಯನಿಕಗಳ ಗುಂಪು) ವಿಷ ಸುಮಾರು 85% ಇಳಿದಿತ್ತು, ಒಣ ಬ್ರಷ್ಷಿನಿಂದ 23% ಮಾತ್ರ. ಆಮೇಲೆ ದಪ್ಪ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಕ್ಯಾಬಿನ್ನಿನಿಂದ ದೂರ ಇಡಿ. ಮನೆಗೆ ಒಯ್ದು ಮಕ್ಕಳ ಬಟ್ಟೆಯ ಜೊತೆ ಮಾತ್ರ ಹಾಕಬೇಡಿ. ಕೌಂಟರಿನಲ್ಲೂ ಬಾಯಿ ಕಟ್ಟಿದ ಚೀಲವನ್ನಷ್ಟೇ ಪಡೆಯುತ್ತೇವೆ. ವಿಂಗಡಿಸುವ ನಮ್ಮ ಹೆಣ್ಣುಮಕ್ಕಳ ಕೈಗೂ ಅದೇ ಮಸಿ ಹತ್ತುತ್ತದೆ.

ಬೆಂಕಿಗೆ ಹೋಗದ ಕೋಟನ್ನೂ ವರ್ಷಕ್ಕೆ ಎರಡು ಸಲ ಕಳಿಸಿ. ಆಸ್ಬೆಸ್ಟಾಸ್ ಶೀಟು ಒಡೆದ ಜಾಗದಿಂದ ಬಂದದ್ದಾದರೆ ತರುವ ಮುಂಚೆ ಫೋನ್ ಮಾಡಿ, ಅಂಥವನ್ನು ನಾವು ತೊಳೆಯುವುದಿಲ್ಲ.

ನಿಮ್ಮ,
ತೊಳೆಯುವ ಘಟಕದ ಎಲ್ಲರ ಪರವಾಗಿ, ವ್ಯವಸ್ಥಾಪಕರು
ಬಳ್ಳಾರಿ