ಕ್ಯಾಮೆರಾ ಬಂದರೂ ತೋರಿಸಲು ಸಿದ್ಧರಿದ್ದೇವೆಯೇ?

ಮಾನ್ಯ ಸಂಪಾದಕರೇ,

ಅಂತರ ಕಾಲೇಜು, ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಗಳನ್ನು ಟಿವಿಯಲ್ಲಿ ತೋರಿಸಬೇಕೆಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ದುಡ್ಡಿಲ್ಲ ಎಂಬಲ್ಲಿಗೆ ಮಾತು ನಿಂತುಹೋಗುತ್ತದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿ.ವಿ. ಅಥ್ಲೆಟಿಕ್ ಕೂಟ ಮೂಡುಬಿದಿರೆಯಲ್ಲೇ ನಡೆಯಿತು, ಮಂಗಳೂರು ವಿ.ವಿ. ಚಾಂಪಿಯನ್ ಆಯಿತು. ಅಂದು ಓಡಿ ಗೆದ್ದವರ ಹೆಸರು ನಮ್ಮ ಎಷ್ಟು ಮನೆಗಳಿಗೆ ಗೊತ್ತು?

ದುಡ್ಡಿನ ತೊಂದರೆ ಸುಳ್ಳಲ್ಲ. ರೈಡರ್‌ನ ಕಾಲು ಬೋನಸ್ ಗೆರೆ ದಾಟಿತೋ ಇಲ್ಲವೋ ಎನ್ನುವುದರಲ್ಲೇ ಕಬಡ್ಡಿಯ ಜೀವವಿದೆ. ದೂರದಲ್ಲಿಟ್ಟ ಒಂದು ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ, ಹಳ್ಳಿ ಆಟವೆಂದು ಮೂಗು ಮುರಿಯುತ್ತಿದ್ದವರೂ ಟಿವಿ ಮುಂದೆ ಕೂತದ್ದಕ್ಕೆ ಹಲವು ಕೋನಗಳ ಕ್ಯಾಮೆರಾ ಮತ್ತು ಒಳ್ಳೆಯ ಬೆಳಕು ದೊಡ್ಡ ಕಾರಣ. ಅಥ್ಲೆಟಿಕ್ಸ್ ಇನ್ನೂ ಕಷ್ಟ. ಟ್ರ್ಯಾಕ್‌ನಲ್ಲಿ 400 ಮೀಟರ್ ಹೀಟ್ಸ್ ನಡೆಯುತ್ತಿರುವಾಗಲೇ ಒಂದು ಮೂಲೆಯಲ್ಲಿ ಎತ್ತರ ಜಿಗಿತ, ಇನ್ನೊಂದು ಕಡೆ ಡಿಸ್ಕಸ್.

ಆದರೆ ಇಂಥ ಕೂಟಗಳನ್ನು ನಡೆಸುವುದರಲ್ಲೇ ನೌಕರಿ ಕಳೆದವನಾಗಿ ನಾನು ಹೇಳುವುದಿಷ್ಟು: ನಾಳೆಯೇ ನೇರಪ್ರಸಾರದ ಸಲಕರಣೆ ಹೊತ್ತ ಒಬಿ ವ್ಯಾನ್ ಬಂದು ನಿಂತರೂ ತೋರಿಸುವಂತೆ ನಾವು ಆಟ ನಡೆಸುತ್ತಿಲ್ಲ. ಅತಿಥಿಗಳ ಭಾಷಣ ಮುಗಿಯದೆ ಒಂಬತ್ತರ ಪಂದ್ಯ ಹನ್ನೊಂದಕ್ಕೆ ಶುರುವಾಗುತ್ತದೆ. ಸೆಮಿಸ್ಟರ್ ಪರೀಕ್ಷೆ ಮುಂದೆ ಹೋದರೆ ಟೂರ್ನಿಯೂ ಮುಂದೆ ಹೋಗುತ್ತದೆ. ಹೀಗಿರುವಾಗ ಯಾವ ವಾಹಿನಿ ಸಮಯ ಕಾದಿರಿಸೀತು? ಅರ್ಹತಾ ಪತ್ರಗಳ ಪರಿಶೀಲನೆ ಮುಗಿದು ಆಟಗಾರರ ಪಟ್ಟಿ ಕೈಗೆ ಬರುವುದೇ ಹಿಂದಿನ ರಾತ್ರಿ. ವೀಕ್ಷಕ ವಿವರಣೆ ಕೊಡುವವರು 'ಏಳನೇ ನಂಬರಿನ ಹುಡುಗಿ' ಎಂದಷ್ಟೇ ಹೇಳಬೇಕು. ಆಕೆ ಯಾವ ಊರಿನವಳು, ಖೋಖೋ ಕಲಿತದ್ದು ಎಲ್ಲಿ, ಹೋದ ವರ್ಷ ಫೈನಲ್‌ನಲ್ಲಿ ಏನಾಯಿತು ಎಂಬುದು ತಿಳಿದರೆ ತಾನೇ ನೋಡುವವರಿಗೆ ಮಮತೆ ಹುಟ್ಟುವುದು!

ಈಗ ಕೆಲವು ಕಾಲೇಜುಗಳು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡುತ್ತಿವೆ, ಮೆಚ್ಚಬೇಕು. ಆದರೆ ಸ್ಕೋರು ಕಾಣಿಸುವುದಿಲ್ಲ. ಮೈದಾನದ ಮೈಕಿನಲ್ಲಿ ಸಿನಿಮಾ ಹಾಡು ಹಾಕಿ, ಹಕ್ಕುಸ್ವಾಮ್ಯದ ತಕರಾರು ಬಂದು, ವಿಡಿಯೊದ ಧ್ವನಿಯೇ ಹೋಗುವುದೂ ಉಂಟು.

ಸ್ವಂತ ವಾಹಿನಿ ತೆರೆಯೋಣ ಎನ್ನುವವರು ಅಮೆರಿಕದ ಪ್ಯಾಕ್-12 ನೆಟ್‌ವರ್ಕ್ ಕಥೆ ತಿಳಿಯಬೇಕು. ಒಂದೇ ಕ್ರೀಡಾ ಒಕ್ಕೂಟದ ಹನ್ನೆರಡು ವಿಶ್ವವಿದ್ಯಾಲಯಗಳು ತಾವೇ ಮಾಲೀಕರಾಗಿ 2012ರಲ್ಲಿ ತೆರೆದ ವಾಹಿನಿ ಅದು. ವಾಲಿಬಾಲ್, ಈಜು, ಜಿಮ್ನಾಸ್ಟಿಕ್ಸ್ ಎಂದು ವರ್ಷಕ್ಕೆ ನೂರಾರು ಸ್ಪರ್ಧೆ ತೋರಿಸುತ್ತಿತ್ತು. ಆದರೆ ಡೈರೆಕ್‌ಟಿವಿಯಂಥ ದೊಡ್ಡ ಡಿಟಿಎಚ್ ಕಂಪನಿಯೊಂದಿಗೆ ಒಪ್ಪಂದ ಕುದುರಲೇ ಇಲ್ಲ. ಕೊನೆಗೆ ಹತ್ತು ವಿಶ್ವವಿದ್ಯಾಲಯಗಳು ಬೇರೆ ಒಕ್ಕೂಟಗಳಿಗೆ ಹೊರಟವು, 2024ರಲ್ಲಿ ವಾಹಿನಿಯೂ ಮುಚ್ಚಿತು. ಅದೇ ದೇಶದ ಇನ್ನೊಂದು ಪದ್ಧತಿ ನಮಗೆ ಹೊಂದೀತು: ಅಲ್ಲಿನ ಅನೇಕ ಕ್ಯಾಂಪಸ್‌ಗಳಲ್ಲಿ ಕ್ಯಾಮೆರಾ, ಗ್ರಾಫಿಕ್ಸ್‌ ಕೆಲಸಕ್ಕೆ ನಿಲ್ಲುವವರು ವಿದ್ಯಾರ್ಥಿಗಳೇ.

ಮೈಸೂರು, ಮಂಗಳೂರು, ಧಾರವಾಡ, ಶಿವಮೊಗ್ಗದ ವಿಶ್ವವಿದ್ಯಾಲಯಗಳಲ್ಲಿ ಪತ್ರಿಕೋದ್ಯಮ ವಿಭಾಗಗಳಿವೆ. ಆ ಮಕ್ಕಳಿಗೆ ಅಂತರ ಕಾಲೇಜು ಪಂದ್ಯಗಳ ಚಿತ್ರೀಕರಣವನ್ನೇ ಪ್ರಾಯೋಗಿಕ ಪರೀಕ್ಷೆಯಾಗಿ ಕೊಡಲಿ, ಅಂಕವೂ ಸಿಗಲಿ. ಎಲ್ಲ ಪಂದ್ಯವೂ ಬೇಡ, ಸೆಮಿಫೈನಲ್‌ನಿಂದ ಸಾಕು. ಚಂದನ ವಾಹಿನಿ ವಾರಕ್ಕೆ ಅರ್ಧ ಗಂಟೆಯ ಮುಖ್ಯಾಂಶಗಳಿಗೆ ಜಾಗ ಕೊಡಲಿ, ಪೂರ್ತಿ ಪಂದ್ಯ ಪ್ರಸಾರ ಭಾರತಿಯ ಒಟಿಟಿ ವೇದಿಕೆ ವೇವ್ಸ್‌ನಲ್ಲಿರಲಿ. ದೈಹಿಕ ಶಿಕ್ಷಣ ವಿಭಾಗಗಳು ಆಟಗಾರರ ಪಟ್ಟಿಯನ್ನು ಒಂದು ವಾರ ಮೊದಲೇ ಅಂತಿಮಗೊಳಿಸಿ, ಭಾಷಣಗಳನ್ನು ಬಹುಮಾನ ವಿತರಣೆಯ ಹೊತ್ತಿಗೆ ಇಟ್ಟುಕೊಳ್ಳಲಿ. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ. ಈ ಶೈಕ್ಷಣಿಕ ವರ್ಷದಿಂದಲೇ ಕುಲಪತಿಗಳು ಸುತ್ತೋಲೆ ಹೊರಡಿಸಬಹುದು.

– ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ಶಿವಮೊಗ್ಗ