ಶಾಲಾ ಪ್ರವಾಸಕ್ಕೆ ಒಂದೇ ಊರು ಸಾಲದೇ?

ಮಾನ್ಯರೇ,

ಡಿಸೆಂಬರ್ ಹತ್ತಿರ ಬಂತು. ಶಾಲೆಗಳಲ್ಲಿ ಪ್ರವಾಸದ ಪಟ್ಟಿ ತಯಾರಾಗುತ್ತಿರುತ್ತದೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಬೆಳಗಿನ ಜಾವ ಹೊರಟು ರಾತ್ರಿ ವಾಪಸ್. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಅಂಥ ಪಟ್ಟಿಯನ್ನು ನಾನೇ ಎಷ್ಟೋ ಸಲ ಬರೆದಿದ್ದೇನೆ. ಬೇಲೂರಿಗೆ ಮುಕ್ಕಾಲು ಗಂಟೆ. ಕೊರಳಲ್ಲಿ ಸೀಟಿ. ಮಕ್ಕಳು ಮದನಿಕೆಯರತ್ತ ಕತ್ತು ಎತ್ತುವಷ್ಟರಲ್ಲಿ ಊದಿಬಿಡುತ್ತಿದ್ದೆ.

ಅದೆಂಥ ತಪ್ಪು ಅಂತ ಗೊತ್ತಾಗಿದ್ದು ಈ ವರ್ಷ, ಬ್ರೆಜಿಲ್‌ನ ಒರೊ ಪ್ರೆತೊ ಎಂಬ ಊರಿನಲ್ಲಿ. ಮಗ ಕೆಲಸದ ಮೇಲೆ ಇರುವುದು ಬೆಲೊ ಹೊರಿಜಾಂಟೆಯಲ್ಲಿ. ಅಲ್ಲಿಂದ ಸುಮಾರು ನೂರು ಕಿಲೊಮೀಟರ್, ಬಸ್ಸಿನಲ್ಲಿ ಎರಡು ಗಂಟೆ. "ಅಮ್ಮಾ, ಇವತ್ತು ಪೂರ್ತಿ ಅದೊಂದೇ ಊರು" ಎಂದ. ಪಕ್ಕದ ಮರಿಯಾನವನ್ನೂ ಮುಗಿಸಿಬಿಡೋಣ ಎಂದೆ. ಹಳೇ ಚಾಳಿ!

ಗೋವೆಯನ್ನು ಆಳಿದ ಪೋರ್ಚುಗೀಸರೇ ಇಲ್ಲಿಯೂ ಆಳಿದ್ದು. ಮೇಲೆ ಕಪ್ಪು ಪದರ ಕಟ್ಟಿದ ಚಿನ್ನ ಸಿಕ್ಕಿದ್ದರಿಂದ ಊರಿಗೆ 'ಕಪ್ಪು ಚಿನ್ನ' ಎಂದೇ ಹೆಸರು. ಅಗೆದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಚಿನ್ನ ಬತ್ತಿತು, 1897ರಲ್ಲಿ ರಾಜ್ಯದ ರಾಜಧಾನಿಯೂ ಬೆಲೊ ಹೊರಿಜಾಂಟೆಗೆ ಹೋಯಿತು. ಕೆಡವಿ ಕಟ್ಟುವ ಗರಜು ಯಾರಿಗೂ ಬೀಳದೆ ಹಳೆಯದು ಹಾಗೇ ಉಳಿಯಿತು. 1980ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು.

ಊರೆಲ್ಲ ಏರು, ಇಳಿಜಾರು. ನನ್ನ ಮಂಡಿನೋವಿಗೆ ಹತ್ತು ಹೆಜ್ಜೆಗೊಮ್ಮೆ ನಿಲ್ಲಲೇಬೇಕು. ಓಣಿಗೆ ಹಾಸಿದ ಉರುಟು ಕಲ್ಲಿಗೆ ಅಲ್ಲಿ 'ಪೋರನ ಕಾಲು' ಎನ್ನುತ್ತಾರೆ. ಶೇಂಗಾ ಚಿಕ್ಕಿಗೂ ಅದೇ ಹೆಸರು. ಒಂದು ಕೊಂಡು ಕೈಯಲ್ಲಿ ಹಿಡಿದು ನೋಡಿದೆ. ಬೆಲ್ಲದ ಪಾಕದಲ್ಲಿ ಎದ್ದು ನಿಂತ ಕಾಳು. ಥೇಟು ಕಾಲಡಿಯ ಓಣಿ.

ಸಂತ ಫ್ರಾನ್ಸಿಸ್ ಚರ್ಚಿಗೆ ತಲುಪಿದಾಗ ಹನ್ನೆರಡು ದಾಟಿ ಐದು ನಿಮಿಷ. ಊಟದ ಹೊತ್ತು, ಬಾಗಿಲು ಮುಚ್ಚಿದೆ, ಇನ್ನು ತೆಗೆಯುವುದು ಒಂದೂವರೆಗೆ. ಮನಸ್ಸಿನಲ್ಲೇ ಬೈದುಕೊಂಡು ಎದುರಿನ ಕಟ್ಟೆಯ ಮೇಲೆ ಕೂತೆ. ಕೂತು ಮಾಡುವುದೇನು? ಬಾಗಿಲ ಮೇಲಿನ ಕೆತ್ತನೆ ನೋಡಿದೆ. ಮೊದಲು ಮಂಡಿಯೂರಿದ ಸಂತನೊಬ್ಬನೇ ಕಂಡ. ಆಮೇಲೆ ಹೂವು, ಮಡಿಕೆ ಮಡಿಕೆಯಾಗಿ ಇಳಿಬಿದ್ದ ರಿಬ್ಬನ್ನು, ದೇವತೆ ಮಕ್ಕಳ ಉಬ್ಬಿದ ಕೆನ್ನೆ. ಕಲ್ಲು ಬೂದು, ಒಂದಿಷ್ಟು ಹಸಿರು ಛಾಯೆ. ಅರ್ಧ ಗಂಟೆಯಾದ ಮೇಲೆ ತಲೆಗೆ ಹೊಳೆಯಿತು. ಇದು ಬಳಪದ ಕಲ್ಲು!

ಚರ್ಚಿನ ಎದುರೇ ಅದೇ ಕಲ್ಲಿನ ಸಂತೆ. ಪಾತ್ರೆಗಳ ಸಾಲು ನೋಡಿ ನಿಂತುಬಿಟ್ಟೆ. ತಾಮ್ರದ ಪಟ್ಟಿ, ಹಿಡಿ ಬಿಟ್ಟರೆ ನಮ್ಮಜ್ಜಿ ಹುಳಿ ಇಡುತ್ತಿದ್ದ ಕಲ್ಮರಿಗೆಯೇ. ಎಣ್ಣೆ ಸವರಿ ಕಾಯಿಸಿ ಪಳಗಿಸಿದ ಮೇಲೆಯೇ ಅಡುಗೆಗೆ ಬಳಸಬೇಕು ಎಂದು ಅಂಗಡಿಯಾಕೆ ಮಗನ ಮೂಲಕ ವಿವರಿಸಿದಳು. ನನಗೆ ಹೇಳಿಕೊಡುತ್ತಾಳೆ! ಕೆಳಗೆ ಬಿದ್ದಿದ್ದ ಚೂರೊಂದನ್ನು ಎತ್ತಿ ಕಟ್ಟೆಯ ಮೇಲೆ ಎಳೆದೆ. ಬಿಳಿ ಗೆರೆ ಮೂಡಿತು.

ಆ ಬಾಗಿಲನ್ನು ಕೆತ್ತಿದವನು ಅಂತೋನಿಯೊ ಫ್ರಾನ್ಸಿಸ್ಕೊ ಲಿಸ್ಬೊವ. ತಂದೆ ಪೋರ್ಚುಗೀಸ್ ವಾಸ್ತುಶಿಲ್ಪಿ, ತಾಯಿ ಗುಲಾಮಳು. ರೋಗದಿಂದ ಕೈ ಊನವಾದ ಮೇಲೆ ಉಳಿಯನ್ನು ಕೈಗೆ ಕಟ್ಟಿಸಿಕೊಂಡು ಕೆತ್ತುತ್ತಿದ್ದನಂತೆ. 1814ರಲ್ಲಿ ತೀರಿಕೊಂಡ. ಜನ ಇವತ್ತಿಗೂ ಕರೆಯುವುದು 'ಅಲೆಜಾದಿನ್ಯೊ', ಪುಟ್ಟ ಕುಂಟ ಎಂದೇ. ಈ ಅಡ್ಡಹೆಸರು ಮಾತ್ರ ನನಗೆ ಸರಿಬರಲಿಲ್ಲ.

ಒಂದೂವರೆಗೆ ಒಳಗೆ ಹೋದೆವು. ಅತಾಯಿದೆ ಎಂಬ ಕಲಾವಿದ ಚಾವಣಿಯಲ್ಲಿ ಬರೆದ ಮೇರಿಯಮ್ಮನಿಗೆ ಆ ನಾಡಿನವರದೇ ಕಂದು ಬಣ್ಣ. ಸುತ್ತ ವಾದ್ಯ ನುಡಿಸುವ ದೇವದೂತರು. ಬೆಂಚಿಗೆ ಒರಗಿ ಕತ್ತು ನೋಯುವವರೆಗೂ ನೋಡಿದೆ. ಯಾರೂ ಸೀಟಿ ಊದಲಿಲ್ಲ. ಮರಿಯಾನಕ್ಕೆ ಹೋಗಲೇ ಇಲ್ಲ.

ಬೇಲೂರು, ಹಳೇಬೀಡಿನದೂ ಬಳಪದ ಕಲ್ಲೇ. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ನನ್ನ ಮಕ್ಕಳಿಗೆ ದಿನಾ ಕೈಯಲ್ಲಿ ಬಳಪ ಕೊಟ್ಟ ನಾನು, ಆ ಗುಡಿ ಯಾವ ಕಲ್ಲಿನದು ಎಂದು ಒಂದು ಸಲವೂ ಹೇಳಲಿಲ್ಲ.

ಈ ಸಲ ಪಟ್ಟಿ ಬರೆಯುತ್ತಿರುವ ಮೇಷ್ಟ್ರು, ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ಬೇಲೂರು ಒಂದನ್ನೇ ಇಟ್ಟುಕೊಳ್ಳಿ. ಚಿತ್ರಾನ್ನ ಕಟ್ಟಿಕೊಂಡು ಹೋಗಿ. ಒಂದೊಂದು ಮಗುವಿಗೂ ಸ್ಲೇಟು, ಬಳಪ ಕೊಟ್ಟು, ಇಷ್ಟವಾದ ಒಂದು ಶಿಲ್ಪದ ಮುಂದೆ ಕೂರಿಸಿ. ಶ್ರವಣಬೆಳಗೊಳ ಮುಂದಿನ ವರ್ಷಕ್ಕಿರಲಿ, ಗೊಮ್ಮಟ ಎಲ್ಲಿಗೂ ಹೋಗುವುದಿಲ್ಲ.

– ನಿವೃತ್ತ ಶಿಕ್ಷಕಿ, ಸಾಗರ