ಕಸ್ಟರ್ ಸೋಲಿಗೆ ಬಂದೂಕೊಂದೇ ಕಾರಣವಲ್ಲ

ಮಾನ್ಯರೇ,

ಅಲ್ಲಿನ ಮೂಲನಿವಾಸಿಗಳ ಎದುರು ಅಮೆರಿಕದ ಅಶ್ವದಳಾಧಿಕಾರಿ ಜಾರ್ಜ್ ಕಸ್ಟರ್‌ನ ಸೋಲನ್ನು ಅವನ ಸೈನಿಕರ ಬಂದೂಕಿನ ತಲೆಗೆ ಕಟ್ಟುವುದು ಸರಿಯಲ್ಲ. ಅವರ ಬಳಿಯಿದ್ದ 1873ರ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನ್‌ಗೆ (ಅಶ್ವದಳದ ಗಿಡ್ಡ ಬಂದೂಕು) ಒಂದು ಸಲಕ್ಕೆ ಒಂದೇ ತೋಟಾ. ನಳಿಗೆ ಕಾದಾಗ ಮೆತ್ತನೆಯ ತಾಮ್ರದ ಖಾಲಿ ತೋಟಾ ಒಳಗೇ ಕಚ್ಚಿಕೊಂಡು, ಚಾಕುವಿನಿಂದ ಮೀಟಿ ತೆಗೆಯಬೇಕಾಗುತ್ತಿತ್ತು. ನಿಜ. ಆದರೆ 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಎದುರಾಳಿಯ ಬಲ ಅರಿಯದೆ ತನ್ನ 12 ತುಕಡಿಗಳನ್ನು ಒಡೆದವನು ಅವನೇ: ಕೈಕೆಳಗಿನ ಅಧಿಕಾರಿಗಳಾದ ರೀನೋಗೆ 3, ಬೆಂಟೀನ್‌ಗೆ 3, ಸಾಮಾನು ಹೊತ್ತ ಹೇಸರಗತ್ತೆಗಳ ಕಾವಲಿಗೆ 1. ಉಳಿದ 5 ತುಕಡಿಗಳೊಡನೆ ತಾನು ಹೋದ. ಅವನ ಜೊತೆ ಸುಮಾರು 210 ಮಂದಿ ಸತ್ತರು. ಒಂದೇ ಸಮನೆ ಗುಂಡು ಹಾರಿಸುವ ಗ್ಯಾಟ್ಲಿಂಗ್ ಬಂದೂಕುಗಳನ್ನು ಮೊದಲೇ ಬೇಡವೆಂದಿದ್ದ.

ಅದಕ್ಕಿಂತ ಮುಖ್ಯ, 1868ರ ಒಪ್ಪಂದ ಲಕೋಟ ಎಂಬ ಮೂಲನಿವಾಸಿಗಳಿಗೆ ಬಿಟ್ಟುಕೊಟ್ಟಿದ್ದ ಬ್ಲ್ಯಾಕ್ ಹಿಲ್ಸ್‌ನಲ್ಲಿ (ಬೆಟ್ಟಸಾಲು) ಚಿನ್ನವಿದೆಯೆಂಬ ಸುದ್ದಿ ಹಬ್ಬಿಸಿ ಈ ಕದನಕ್ಕೆ ದಾರಿ ಮಾಡಿದ್ದು ಅವನದೇ 1874ರ ದಂಡಯಾತ್ರೆ. ಅವನ ಹೆಸರನ್ನು 1991ರಲ್ಲಿ ಲಿಟಲ್ ಬಿಗ್‌ಹಾರ್ನ್ ರಣಭೂಮಿಯ ಸ್ಮಾರಕದಿಂದ ತೆಗೆದದ್ದು ನ್ಯಾಯವೇ.

– ಇತಿಹಾಸಾಸಕ್ತ ಓದುಗರು, ಧಾರವಾಡ